ಕೂಸಿನ ಪಾಳಿ ಕಾಯುವ ಪಾಲಮ್ಮ

ಆಂಧ್ರದ ಗಡಿಯ ಮಡಕಶಿರಾ ಬಸ್ ನಿಲ್ದಾಣದಲ್ಲಿ ಕೋಳಿಗಳೇ ಇನ್ನೂ ಎದ್ದಿಲ್ಲ, ಪಾಲಮ್ಮನ ಬಲಗಾಲು ಎದ್ದಿದೆ. ಕಲ್ಲುಬೆಂಚಿನ ಮೇಲೆ ಕೂತ ಅವರ ಕಾಲು ಒಂದೇ ಸಮನೆ ನೆಲ ತುಳಿಯುತ್ತಿದೆ. ಈ ತುಳಿತಕ್ಕೆ ಎದುರಿನ ಬೆಟ್ಟದ ಕೋಟೆಯಲ್ಲಿ ನಾಲ್ಕಾರು ಕಲ್ಲು ಸಡಿಲಗೊಂಡಿವೆ ಎಂದು ಟೀ ಅಂಗಡಿಯ ಮುದ್ದಪ್ಪ ದೂರುತ್ತಾನೆ. ಪಾಪ, ಕಡಿಮೆ ಹೇಳುತ್ತಾನೆ. ಅರ್ಧ ಕೋಟೆಯೇ ಅಲುಗಿದೆ.

"ಅಕ್ಕಾ, ನಿನ್ ಕಾಲಿಗೆ ಹೆದ್ರಿ ಬಸ್ಸೇನು ಬೇಗ ಬರಲ್ಲ. ಟೀ ಕುಡಿ."

"ಬಸ್ಸಿನ ಚಿಂತಿ ಯಾರಿಗೈತಪಾ? ಕೂಸು ಬರಬೇಕು."

ಇವತ್ತು ಒಬ್ಬ ಹುಡುಗಿ ವಿಶೇಷ ನ್ಯಾಯಾಲಯಕ್ಕೆ ಹೋಗಿ, ತನಗೆ ಕಿರುಕುಳ ಕೊಟ್ಟವನ ವಿಷಯ ಹೇಳಬೇಕಾಗಿದೆ. ಅವಳ ಹೆಸರು, ಊರು ಯಾವುದೂ ಈ ಬರಹದಲ್ಲಿಲ್ಲ. ಬರೆಯಲು ಕಾಯ್ದೆ ಬಿಡುವುದಿಲ್ಲ. ಕಾಯ್ದೆ ಬಿಟ್ಟರೂ ಪಾಲಮ್ಮ ಬಿಡುವವರಲ್ಲ. ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ಮಗುವಿಗೆ ವಿಚಾರಣೆ ಮುಗಿಯುವವರೆಗೆ ಒಬ್ಬ ಜೊತೆಗಾರರು ಸಿಗುತ್ತಾರೆ. ಕಚೇರಿಯ ಮಾತಿನಲ್ಲಿ ಸಪೋರ್ಟ್ ಪರ್ಸನ್, ಮಡಕಶಿರಾದ ಬಾಯಲ್ಲಿ ‘ಕೋರ್ಟಕ್ಕ’. ಈ ಹುಡುಗಿಗೆ ಆ ಕೋರ್ಟಕ್ಕ ಪಾಲಮ್ಮ.

ಪಾಲಮ್ಮ ಹುಟ್ಟಿದ್ದು ಬೆಳುಗುಪ್ಪ, ದುಡಿದದ್ದು ರಾಯದುರ್ಗದ ಜೀನ್ಸ್ ಹೊಲಿಗೆಯ ಶೆಡ್ಡಿನಲ್ಲಿ. ಅಲ್ಲಿ ಅವರು ಹೊಲಿದ ಪ್ಯಾಂಟುಗಳನ್ನು ಕಾಲಿಗೆ ಕಾಲು ಗಂಟು ಹಾಕಿದ್ದರೆ ಓಬಳಾಪುರ ದಾಟಿ ಬಳ್ಳಾರಿ ಕೋಟೆಗೆ ಮೂರು ಸುತ್ತು ಬರುತ್ತಿತ್ತು. ಹೊಲಿಗೆ ಬಿಟ್ಟು ವರ್ಷಗಳೇ ಆದರೂ ಕಾಲಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಪಕ್ಕದ ಮನೆಯ ಹುಡುಗಿಯೊಬ್ಬಳಿಗೆ ಆಗಬಾರದ್ದು ಆದಾಗ, ತೆಲುಗು ಚೆನ್ನಾಗಿ ಬಲ್ಲವರೆಂದು ಅವಳ ತಾಯಿ ಪಾಲಮ್ಮನನ್ನು ಠಾಣೆಗೆ ಕರೆದೊಯ್ದರು. "ಆವತ್ತು ಆ ಕೂಸು ನನ್ನ ಸೆರಗು ಬಿಡಲಿಲ್ರಿ. ನಾನೂ ಬಿಡಿಸಿಕೊಳ್ಳಲಿಲ್ಲ," ಎನ್ನುತ್ತಾರೆ. ಮುಂದೆ ಮಕ್ಕಳ ಕಲ್ಯಾಣ ಸಮಿತಿ ತರಬೇತಿ ಕೊಟ್ಟು ಇದೇ ಕೆಲಸಕ್ಕೆ ಹಚ್ಚಿತು. ಪತಿ ಮಾರೇಶನ ರೇಷ್ಮೆ ಕೆಲಸ ಅವರನ್ನು ಮಡಕಶಿರಾಕ್ಕೆ ತಂದಿತು. ಈಗ ರಾಯದುರ್ಗ, ಮಡಕಶಿರಾಗಳ ನಡುವೆ ಅವರು ಎಷ್ಟು ಓಡಾಡುತ್ತಾರೆಂದರೆ, ದಾರಿಯ ಹುಣಸೆಮರಗಳು ಅವರ ಬಸ್ಸು ಕಂಡರೆ ನಮಸ್ಕಾರ ಹೇಳುತ್ತವೆ.

"ಕಾನೂನು ಚಲೋ ಐತ್ರಿ. ಹೇಳಿಕೆ ತಗಳ್ಳಾಕ ಪೊಲೀಸಮ್ಮ ಖಾಕಿ ಹಾಕ್ಕೊಂಡು ಬರಂಗಿಲ್ಲ. ಅವನ ಮುಖ ಕೂಸಿಗೆ ಕಾಣಬಾರದು. ವಕೀಲರು ಗದರಂಗಿಲ್ಲ, ಅವರ ಪ್ರಶ್ನಿ ಜಡ್ಜ್ ಅವರ ಬಾಯಿಂದ ಬರಬೇಕು. ಆದ್ರ ಕಾನೂನು ಮನಿಗೆ ಹೋಗಿ ಕೂಸಿನ ಜಡಿ ಹೆಣೆಯಂಗಿಲ್ಲಲ್ರೀ. ಅದಕ್ಕ ನಾನು."

ಕೋರ್ಟಿಗೆ ಕರೆದೊಯ್ದ ಮೊದಲ ಮಗುವಿನ ಜಡೆ ಹೆಣೆದು ಅವರು ಹೂವನ್ನೂ ಮುಡಿಸಿದ್ದರು, ಹೊಸ ಲಂಗವನ್ನೂ ಉಡಿಸಿದ್ದರು. ದೊಡ್ಡ ಊರಿಗೆ ಹೋಗುವುದೆಂದರೆ ಈ ಕಡೆ ಹಾಗೇ. ಬಸ್ಸಿನಲ್ಲಿ ಕಂಡವರೆಲ್ಲ "ಯಾರ ಮದುವಿ ಪಾಪಾ?" ಎಂದು ಕೇಳಿ ಕೇಳಿ, ಮಗು ಮುದುಡಿ ಆ ದಿನ ತುಟಿ ಬಿಚ್ಚಲಿಲ್ಲ. ಅಂದಿನಿಂದ ದಿನದ ಬಟ್ಟೆಯೇ ಸೈ. ಚೀಲದಲ್ಲಿ ಸಿಪ್ಪೆ ಬಿಡಿಸದ ಕಡಲೆಕಾಯಿ ಇರುತ್ತದೆ. ಮುಖ ನೋಡಿ ಕೇಳಿದರೆ ಮಕ್ಕಳು ಹೇಳುವುದಿಲ್ಲ. ಕಾಯಿ ಬಿಡಿಸುತ್ತಾ ಕೂತರೆ ತಾವಾಗಿ ಹೇಳುತ್ತವೆ.

ಅಷ್ಟರಲ್ಲಿ ಆಟೊ ಬರುತ್ತದೆ. ಹುಡುಗಿಯ ಅಜ್ಜಿ ಇಳಿದು, ಮೊಮ್ಮಗಳ ಕೈ ಹಿಡಿದು ಅಲ್ಲೇ ನಿಲ್ಲುತ್ತಾರೆ.

"ನಾವು ಬರಲ್ಲ ಕಣಮ್ಮ. ಹೇಳೋಗಾನ ಅಂತ ಬಂದೆ. ನೆನ್ನೆ ಗುಡಿ ಮುಂದೆ ಅವ್ನು ಕರ್ಪೂರ ಆರಿಸ್ಬಿಟ್ಟ. ಇಲ್ಲಿಗೆ ಮುಗೀತು ಅಂದ್ರು ದೊಡ್ಡೋರು."

ಉರಿವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ ‘ನಾನು ಮಾಡಿಲ್ಲ’ ಎಂದು ಆಣೆಯಿಟ್ಟರೆ ವ್ಯಾಜ್ಯ ಮುಗಿದಂತೆ ಎಂದು ಅಜ್ಜಿಯ ಊರಿನವರ ನಂಬಿಕೆ. ಈ ಕೇಸಿಗೆ ರಾಜಿಯೇ ಇಲ್ಲವೆಂದು ಪಾಲಮ್ಮ ಎಷ್ಟೋ ಸಲ ಹೇಳಿದ್ದಾರೆ. ಇವತ್ತು ಅದನ್ನು ಹೇಳುವುದಿಲ್ಲ. ಅವರ ಕಾಲು ನಿಂತಿದೆ; ಗಾಬರಿಯಾಗಿ ಮುದ್ದಪ್ಪ ಸ್ಟೌವ್ ಆರಿಸುತ್ತಾನೆ.

"ಆಣಿ ಮಾಡುವಾಗ ಕೂಸು ಎಲ್ಲಿತ್ರಿ, ಯವ್ವಾ?"

"ಮನೇಲಿ. ಬಾಗ್ಲಾಕ್ಕಂಡು ಕೂತಿತ್ತು."

"ಅವನ ಮಾತು ಊರೆಲ್ಲಾ ನಿಂತು ಕೇಳ್ತು. ಇದರ ಮಾತು ಯಾರು ಕೇಳಿದ್ರಿ? ಇವತ್ತು ಇದರ ಪಾಳಿ. ದೇವರೂ ಒಬ್ಬರ ಮಾತು ಕೇಳಿ ಎದ್ದು ಹೋಗಂಗಿಲ್ರಿ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. "ನಾಳೆ ಅದೇ ಊರಾಗೆ ಬದುಕ್ಬೇಕಲ್ಲಮ್ಮ ನಾವು..."

ಬಸ್ಸು ಬರುತ್ತದೆ. ಹುಡುಗಿ ಮೆಲ್ಲಗೆ ಕೈ ಬಿಡಿಸಿಕೊಳ್ಳುತ್ತಾಳೆ.

"ಅಜ್ಜೀ, ನಾನು ಹತ್ತುತೀನಿ. ನೀನು ಬಂದ್ರೆ ಬಾ, ಇಲ್ದಿದ್ರೆ ಮನೆಗೋಗು."

ಅಜ್ಜಿಯೂ ಹತ್ತುತ್ತಾರೆ.

ನ್ಯಾಯಾಲಯದ ಬಾಗಿಲು ಮುಚ್ಚಿಕೊಂಡ ಮೇಲೆ ಒಳಗೆ ನಡೆದದ್ದು ಒಳಗಿನವರಿಗಷ್ಟೇ ಗೊತ್ತು. ಹೊರಗೆ ಅಜ್ಜಿ ಕೂರಲಾರರು, ನಿಲ್ಲಲಾರರು. ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ಭೂಮಿ ಹುಟ್ಟಿದಂದಿನಿಂದ ಯಾರೂ ಕಂಡಿಲ್ಲ. ಕೊನೆಗೆ ಬಾಗಿಲು ತೆರೆಯುತ್ತದೆ, ಪಾಲಮ್ಮನ ಹಿಂದೆ ಹುಡುಗಿ ಬರುತ್ತಾಳೆ.

"ಹೇಳಿದ್ಲಾ?"

"ಹೇಳಿದ್ಲು. ನಡುವ ನೀರು ಕೇಳಿದ್ಲು. ಕುಡಿದು ಮತ್ತ ಹೇಳಿದ್ಲು. ಪೂರಾ."

"ಏನಂತಮ್ಮ?"

"ಆಕಿಗೆ ಅನಿಸಿದಾಗ ಆಕಿನ ನಿಮಗ ಹೇಳ್ತಾಳ. ನೀವು ಕೆದಕಾಕ ಹೋಗಬ್ಯಾಡ್ರಿ."

ತೀರ್ಪು ಯಾವಾಗ, ಹೇಗೆ ಬರುವುದೋ ಗೊತ್ತಿಲ್ಲ. ಇಂದು ಸಂಜೆ ಊರಿನ ಕಟ್ಟೆಯ ಮೇಲೆ ಯಾರು ಏನನ್ನುವರೋ ಅದೂ ಗೊತ್ತಿಲ್ಲ. ಹುಡುಗಿಯ ಮನೆ ಬಾಗಿಲವರೆಗೆ ತಾನೇ ಹೋಗಿಬರುತ್ತೇನೆಂದು ಪಾಲಮ್ಮ ಮಾರೇಶನಿಗೆ ಫೋನು ಮಾಡುತ್ತಾರೆ. ಹಿಂತಿರುಗುವ ಬಸ್ಸಿನಲ್ಲಿ ಹುಡುಗಿ ಬಾಯಿ ತೆರೆದು ನಿದ್ದೆಹೋಗಿದ್ದಾಳೆ.

ಇಷ್ಟೆಲ್ಲ ಮಾಡಿದ್ದಕ್ಕೆ ಈ ಮಕ್ಕಳು ನಿಮ್ಮನ್ನು ನೆನೆಯಬೇಕು ಅನ್ನಿಸುವುದಿಲ್ಲವೇ ಎಂದರೆ ಅವರಿಗೆ ಸಿಟ್ಟೇ ಬರುತ್ತದೆ.

"ಯಾಕ ನೆನಿಬೇಕ್ರಿ? ನನ್ನ ನೆನೆದ್ರ ಅದನ್ನೂ ನೆನಿಬೇಕಾಗ್ತೈತಿ. ದೊಡ್ಡಾಕಿ ಆಗಿ ಹಿಂಗ ಬಸ್ಸಿನ್ಯಾಗ ಸಿಕ್ರ ಗುರುತು ಹಿಡೀಬಾರದು. ‘ಏ ಮುದುಕೀ, ವಸಿ ಆಕಡೆ ಸರಿ’ ಅನ್ನಬೇಕು. ನಾನು ಸರಿದು ಕೂಡ್ತೀನಿ."