ಫ್ರೆಂಚ್ ಹಾಡಿನ ಕೊನೆಯ ಗಿಟಾರ್

ರಾಜಾಜಿನಗರದ ಕಾರ್ಖಾನೆಯೊಂದಕ್ಕೆ ನಾನು ಸೇರಿದ ವರ್ಷ, ಯಂತ್ರ ಜೋಡಿಸಲು ಬಂದಿದ್ದ ಫ್ರೆಂಚ್ ಎಂಜಿನಿಯರೊಬ್ಬರು ತಮ್ಮ ದೇಶದ ಹಳೆಯ ರಾಕ್ ತಂಡವೊಂದರ ರೆಕಾರ್ಡ್ ಕೇಳಿಸಿದರು. ಮಾತು ಒಂದೂ ತಿಳಿಯಲಿಲ್ಲ. ಆದರೆ ಕೊನೆಯ ಹಾಡಿನ ತುದಿಯಲ್ಲಿ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ, ಗಿಟಾರ್ ಒಂದೇ ನಿಧಾನವಾಗಿ ಇಳಿಯುತ್ತಿತ್ತು. ಅದಕ್ಕಾಗಿಯೇ ಅವರಿಂದ ರೆಕಾರ್ಡನ್ನು ಎರವಲು ತಂದೆ. ಹಾಡುಗಳ ಅವಧಿ ಕೂಡಿ, ಸರಿಯಾಗಿ ಅಷ್ಟೇ ಹಿಡಿಸುವ ಖಾಲಿ ಕ್ಯಾಸೆಟ್ ಕೊಂಡು, ಎರಡನ್ನೂ ವಿಜಯನಗರದ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟೆ.

ಎಂಜಿನಿಯರು ರೆಕಾರ್ಡನ್ನು ವಾಪಸು ಪಡೆದು ತಮ್ಮೂರಿಗೆ ಹೋದ ಮೇಲೆ ಕ್ಯಾಸೆಟ್ ಹಾಕಿದೆ. ಮೊದಲು ಗಣಪತಿ ಸ್ತುತಿ ಬಂತು. ತಿರುಗಿಸಿ ಹಾಕಿದರೆ ಮತ್ತೆ ಅದೇ. ಕೊನೆಯ ಹಾಡು ಗಿಟಾರ್ ಬರುವ ಮೊದಲೇ ಕಡಿದುಹೋಗಿತ್ತು.

"ಜಾಗ ಸಾಲ್ಲಿಲ್ಲ ಸಾರ್," ಎಂದರು ಅಂಗಡಿಯವರು. "ಗಣಪತಿ ಹಾಕ್ದೆ ನಾವು ಯಾವ ಕ್ಯಾಸೆಟ್ಟೂ ಶುರು ಮಾಡಲ್ಲ."

"ಒಂದ್ ಕಡೆ ಹಾಕಿದ್ರಿ, ಸರಿ. ಇನ್ನೊಂದ್ ಕಡೆಗೂ ಯಾಕ್ರೀ?"

"ನೀವು ಯಾವ ಕಡೆಯಿಂದ ಶುರು ಮಾಡ್ತೀರೋ ನಂಗೇನ್ ಗೊತ್ತು ಸಾರ್?"

ಕ್ಯಾಸೆಟ್ಟನ್ನು ಜೇಬಿಗಿಟ್ಟು ಮನೆಗೆ ಬಂದೆ. ಆ ರೆಕಾರ್ಡ್ ಮತ್ತೆಲ್ಲೂ ಸಿಗಲಿಲ್ಲ. ಹಾಡು ನಿಂತಲ್ಲಿಂದ ಮುಂದಿನ ಗಿಟಾರನ್ನು ನೆನಪಿನಲ್ಲೇ ಕೇಳಿಕೊಳ್ಳುತ್ತೇನೆ. ಕ್ಯಾಸೆಟ್ ಮಾತ್ರ ಇಂದಿಗೂ ಎರಡೂ ಕಡೆಯಿಂದ ನಿರ್ವಿಘ್ನವಾಗಿ ಶುರುವಾಗುತ್ತದೆ.