ಎಡದ್ದು ಮಜ್ಲಿಸಿಗೆ, ಬಲದ್ದು ಒಳಕೋಣೆಗೆ

ಹಾಡು ಶುರುವಾಗಿ ಸ್ವಲ್ಪ ಹೊತ್ತಾದರೆ ಸಾಕು, ಅವರು ಸೋಫಾದಿಂದ ಎದ್ದು ಬಂದು ಸ್ಪೀಕರುಗಳಿಗೆ ಹಾಡು ಕಳಿಸುವ ರಿಸೀವರಿನ ನೆತ್ತಿಯ ಮೇಲೆ ಅಂಗೈ ಇಡುತ್ತಿದ್ದರು. ಮಗುವಿನ ಜ್ವರ ನೋಡುವವರ ಹಾಗೆ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ. ದಪ್ಪ ಬೆರಳುಗಳು, ಅಗಲವಾದ ಕೈ. ಆದರೂ ಆ ಕಪ್ಪು ಪೆಟ್ಟಿಗೆಯ ಮೇಲೆ ಅದು ಬಹಳ ಹಗುರವಾಗಿ ಕೂರುತ್ತಿತ್ತು. “ಬೆಚ್ಚಗುಂಟು, ಬಿಸಿ ಇಲ್ಲ” ಎಂದು ತಮಗೆ ತಾವೇ ವರದಿ ಒಪ್ಪಿಸಿ ಮತ್ತೆ ಹೋಗಿ ಕೂರುತ್ತಿದ್ದರು.

ತೊಂಬತ್ತರ ದಶಕದ ನಡುವೆ, ದೋಹಾದ ಬಿನ್ ಒಮ್ರಾನ್‌ನಲ್ಲಿ, ನಮ್ಮ ಫ್ಲ್ಯಾಟಿನ ಎದುರು ಬಾಗಿಲು ಅವರದು. ಉಳ್ಳಾಲದ ಕಡೆಯವರು, ಕಟ್ಟಡ ಸಾಮಾನಿನ ವ್ಯಾಪಾರ. ಅವರ ಮನೆಯಲ್ಲಿ ಬ್ಯಾರಿ, ನಮ್ಮಲ್ಲಿ ಕೊಂಕಣಿ, ಎರಡು ಬಾಗಿಲುಗಳ ನಡುವೆ ಕನ್ನಡ. ಬಿಲ್ಡಿಂಗಿಗೆಲ್ಲ ಅವರು ಕಾಕ. ನಾನು ಶಾಲೆಯ ಡಿಬೇಟ್ ತಂಡದಲ್ಲಿದ್ದೆ, ಮನೆಗೆ ಬಂದವರನ್ನೂ ಪರ, ವಿರೋಧ ಎಂದು ವಿಂಗಡಿಸದೆ ಬಿಡುತ್ತಿರಲಿಲ್ಲ. ಹಾಗಾಗಿ ಅವರಿಗೆ ನಾನು ವಕೀಲಮ್ಮ.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅವರ ಮಜ್ಲಿಸಿನಲ್ಲಿ, ಅಂದರೆ ಬಂದವರು ಕೂರುವ ಹೊರಕೋಣೆಯಲ್ಲಿ, ಹೋಂ ಥಿಯೇಟರ್ ಎದ್ದೇಳುತ್ತಿತ್ತು. ಐದು ಸ್ಪೀಕರುಗಳಿದ್ದರೂ ಅವರ ಪ್ರಾಣ ಮುಂದಿನ ಎರಡರ ಮೇಲೆ. ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ಇಳಿದ ಜೋಡಿ. ಅವುಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದು, ಸೋಫಾದ ಕಾಲು ಎಲ್ಲಿರಬೇಕೆಂದು ಕಾರ್ಪೆಟ್ಟಿನ ಮೇಲೆ ಗುರುತು ಹಾಕಿದ್ದರು. ಹೂದಾನಿಗೆ ಜಾಗ ಬೇಕೆಂದು ಅವರ ಹೆಂಡತಿ ಮಾಮಿ ಒಮ್ಮೆ ಬಲಗಡೆಯದನ್ನು ಒಂದು ಗೇಣು ಸರಿಸಿದ್ದಕ್ಕೆ, ಗಂಡ ಹೆಂಡಿರನ್ನು ಬೇರೆ ಮಾಡಿದಂತೆ ನೊಂದುಕೊಂಡರು. “ಜೋಡಿ ಬಿಡಿಸ್ಲಿಕ್ಕೆ ಇಲ್ಲ” ಎಂಬುದು ಆ ಮನೆಯ ಕಾನೂನು.

ನಮ್ಮ ಮೊದಲ ಜಗಳ ವ್ಯಾಟಿನದು. ಸ್ಪೀಕರಿನ ಬೆನ್ನ ಮೇಲೆ ನೂರು ಎಂದು ಬರೆದಿದೆ, ರಿಸೀವರ್ ಕೊಡುವುದು ಐವತ್ತು. ಕಡಿಮೆ ಇರುವುದು ಹೆಚ್ಚು ಇರುವುದನ್ನು ಸುಡುವುದು ಹೇಗೆ, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೇನು ಎಂದು ನಾನು ಕೇಳಿದೆ. ನೂರು ಎಂಬುದು ಸ್ಪೀಕರು ತಾಳಿಕೊಳ್ಳುವ ಲೆಕ್ಕ ಮಾತ್ರ ಎಂದರು ಅವರು. ಐವತ್ತರ ಶಕ್ತಿಯವನನ್ನು ಎಪ್ಪತ್ತು ಕೊಡು ಎಂದು ಹಿಂಡಿದರೆ ಅವನು ಹಾಡುವುದಿಲ್ಲ, ಕಿರುಚುತ್ತಾನೆ. ಆ ಕಿರುಚಾಟ ಮೊದಲು ಸುಡುವುದು ಮೇಲಿನ ಸಣ್ಣ ಸ್ಪೀಕರನ್ನು. ಪುರಾವೆ ಎಲ್ಲಿ ಎಂದೆ. ಅವರು ಎದ್ದು ಹೋಗಿ, ಶೋಕೇಸಿನಲ್ಲಿ ಅತ್ತರಿನ ಬಾಟಲಿಗಳ ಪಕ್ಕ ಇಟ್ಟಿದ್ದ ಒಂದು ಸುಟ್ಟ ಟ್ವೀಟರನ್ನು, ಅದೇ ಸಣ್ಣ ಸ್ಪೀಕರನ್ನು, ತಂದು ನನ್ನ ಅಂಗೈಗೆ ಹಾಕಿದರು. ಅವರ ಮೊದಲ ಸೆಟ್ಟಿನದು. ಒಂದು ಉದಾಹರಣೆಯಿಂದ ನಿಯಮ ಆಗುವುದಿಲ್ಲ ಎಂದು ನಾನು ಆಕ್ಷೇಪಿಸಿದೆ. “ಇನ್ನೊಂದು ಸುಡ್ಲಿಕ್ಕೆ ನಿನ್ನಪ್ಪ ತಂದು ಕೊಡ್ತಾರಾ?” ಎಂದು ಕೇಳಿದರು. ಆ ಸುತ್ತು ಅವರದು.

ಎರಡನೆಯದು ವಯರಿನದು. ಬೆರಳು ದಪ್ಪದ ವಿಶೇಷ ವಯರೊಂದನ್ನು ತರಿಸಿ, ಇದರಿಂದ ದನಿಗೆ ಹೊಸ ಬಣ್ಣ ಬಂತು ಎಂದು ಬಂದವರಿಗೆಲ್ಲ ಸಾರುತ್ತಿದ್ದರು. ನಾನು ಸ್ಪೀಕರುಗಳ ಮುಂದೆ ಬೆಡ್‌ಶೀಟ್ ಕಟ್ಟಿದೆ. ಹಿಂದೆ ಅವರ ಮಗಳು ಒಮ್ಮೆ ದಪ್ಪದ್ದು, ಒಮ್ಮೆ ಅಂಗಡಿಯ ಸಾದಾ ವಯರು ಸಿಕ್ಕಿಸುತ್ತ ಹೋದಳು. ಕಾಕ ಸೋಫಾದಲ್ಲಿ ಕೂತು ಯಾವುದು ಯಾವುದೆಂದು ಹೇಳಬೇಕು. ಸರಿಯಾದಷ್ಟೇ ಸಲ ತಪ್ಪೂ ಆಯಿತು. ಮಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಕ್ಕರು. ಕಾಕ ಸಿಟ್ಟಾಗುತ್ತಾರೆ, ಮಾತು ಬದಲಿಸುತ್ತಾರೆ ಎಂದು ಕಾದೆ. ಡಿಬೇಟಿನಲ್ಲಿ ಸೋಲುವವರು ಅದನ್ನೇ ಮಾಡುವುದು. ಅವರು “ಖಲಾಸ್. ನೀನು ಗೆದ್ದಿ. ಚಾ ಕುಡಿ” ಎಂದರು. ಹಾಗೆ ಸೋತ ದೊಡ್ಡವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಒಂದೆರಡು ವರ್ಷದಲ್ಲಿ ಆ ಮಗಳ ನಿಕಾಹ್ ನಿಶ್ಚಯವಾಯಿತು. ಹುಡುಗ ದೋಹಾದಲ್ಲೇ ಇದ್ದುದರಿಂದ ನಿಕಾಹ್ ಅದೇ ಫ್ಲ್ಯಾಟಿನಲ್ಲಿ, ಗಂಡಸರು ಮಜ್ಲಿಸಿನಲ್ಲಿ, ಮದುಮಗಳೂ ಹೆಂಗಸರೂ ಉದ್ದ ಕಾರಿಡಾರಿನ ಆಚೆ ಒಳಕೋಣೆಯಲ್ಲಿ. ಆ ವಿಷಯ ಬಂದಾಗ ಮಾಮಿ ತಮ್ಮದೇ ನಿಕಾಹ್ ನೆನೆದು ನಗುತ್ತ ಹೇಳಿದರು: “ನಾನು ಒಳಗೆ ಕೂತು ಕೇಳಿದ್ದು ಬಿರಿಯಾನಿ ಸೌಟಿನ ಶಬ್ದ ಮಾತ್ರ. ನನ್ನ ಮದುವೆ ಆದದ್ದು ನನಗೆ ಯಾರೋ ಬಂದು ಹೇಳಿ ಗೊತ್ತಾದದ್ದು.” ನಾವೆಲ್ಲ ನಕ್ಕೆವು. ಕಾಕ ನಗಲಿಲ್ಲ. ಮಗಳು ತನ್ನ ನಿಕಾಹನ್ನು ತಾನೇ ಕೇಳಬೇಕು ಎಂದು ಅವತ್ತೇ ಹಟ ಹಿಡಿದರು. ಕ್ಯಾಸೆಟ್ ಡೆಕ್ಕಿಗೆ ಮೈಕು ಸಿಕ್ಕಿಸಿ, ರಿಸೀವರಿನ ಮೂಲಕ ಎರಡೂ ಕೋಣೆಗೆ ದನಿ ಕೊಡುವುದು ಯೋಜನೆ.

ನಿಕಾಹಿನ ಹಿಂದಿನ ಸಂಜೆ ಕಾಕ ಹೊರಗೆ ಹೋಗಿದ್ದಾಗ ಮಾಮಿಯ ತಮ್ಮ ಅಲ್ ಗರಾಫಾದ ತನ್ನ ಮನೆಯಿಂದ ಇನ್ನೊಂದು ದೈತ್ಯ ಜೋಡಿ ಸ್ಪೀಕರು ತಂದು ಒಳಕೋಣೆಯಲ್ಲಿಟ್ಟು, ಅದರ ವಯರುಗಳನ್ನು ಕಾಕನ ಜೋಡಿಯ ವಯರುಗಳ ಜೊತೆಗೇ ಹೊಸೆದು ರಿಸೀವರಿಗೆ ಕೊಟ್ಟ. ಎಲ್ಲ ಕಡೆ ಹಾಡು ಮೊಳಗಿತು. ಕಾಕ ಒಳಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಓಡಿ ಹೋಗಿ ಅಂಗೈ ಇಟ್ಟರು, ಇಟ್ಟಷ್ಟೇ ಬೇಗ ತೆಗೆದರು. ಅಷ್ಟರಲ್ಲಿ ಟಪ್ ಎಂದು ಎಲ್ಲ ನಿಂತು ಕೆಂಪು ದೀಪ ಮಿನುಗತೊಡಗಿತು.

“ಸೌಂಡ್ ಮಾಫಿ ಭಾವ” ಎಂದ ತಮ್ಮ, ಸದ್ದು ತಾನಾಗಿಯೇ ಇಲ್ಲವಾಯಿತು, ತಾನೇನೂ ಮಾಡಿಲ್ಲ ಎಂಬಂತೆ.

ಅವನು ತಂದ ಸ್ಪೀಕರುಗಳ ಬೆನ್ನಿನಲ್ಲಿ ನಾಲ್ಕು ಓಮ್ ಎಂದಿತ್ತು. ರಿಸೀವರಿನ ಹಿಂದೆ ಎಂಟಕ್ಕಿಂತ ಕಡಿಮೆ ಬೇಡ ಎಂದಿತ್ತು. ಓಮ್ ಎಂಬ ತಡೆ ಇಳಿದಷ್ಟೂ ಸ್ಪೀಕರು ಹೆಚ್ಚು ಕರೆಂಟು ಎಳೆಯುತ್ತದೆ. ಎರಡು ಜೋಡಿ ಒಟ್ಟಿಗೆ ಎಳೆದರೆ ರಿಸೀವರಿನ ಜೀವಕ್ಕೇ ಬರುತ್ತದೆ. ಕಾಕ ವಯರುಗಳನ್ನು ಒಂದೊಂದಾಗಿ ಬಿಡಿಸಿ, ಪೆಟ್ಟಿಗೆಯ ಮುಂದೆ ಫ್ಯಾನ್ ಇಟ್ಟು ಕಾದರು. ಕೊನೆಗೆ ಅದು ಉಸಿರಾಡಿತು. ಆದರೆ ಮಿಕ್ಕ ಮೂರು ಪುಟ್ಟ ಸ್ಪೀಕರುಗಳು ಸಿನಿಮಾಕ್ಕೆ ಮಾತ್ರ ಬಾಯಿ ಬಿಡುವಂಥವು, ಈಗ ಉಳಿದದ್ದು ಒಂದೇ ಜೋಡಿ, ಒಂದೇ ಕೋಣೆಗೆ. ಇನ್ನೊಂದು ಆಂಪ್ಲಿಫೈಯರ್ ತರೋಣವೆಂದರೆ ರಾತ್ರಿಯಾಗಿತ್ತು, ಬೆಳಗಾದರೆ ಶುಕ್ರವಾರ, ಅಂಗಡಿಗಳೆಲ್ಲ ಬಂದ್. ಎಲ್ಲರ ಮನೆಯಲ್ಲೂ ಆಗುವ ಹಾಗೆ ಯಾರಾದರೂ ಒಳಗೆ ಹೋಗಿ ಹೇಳಿದರಾಯಿತು ಎಂದ ತಮ್ಮ. ಮಗಳು ಪರವಾಗಿಲ್ಲ ಎಂದಳು. ಆ ಮಾತಿಗೆ ಮಾಮಿ ಎದ್ದು ಅಡುಗೆಮನೆಗೆ ಹೋದರು.

ನನಗೆ ಸುಮ್ಮನಿರುವ ಅಭ್ಯಾಸವಿಲ್ಲ. “ಕಾಕ, ನಾಳೆ ಬರುವುದು ಸಿನಿಮಾ ಅಲ್ಲವಲ್ಲ, ಒಬ್ಬರ ಸ್ವರ. ಒಬ್ಬರ ಸ್ವರಕ್ಕೆ ಗಂಡಸರಿಗೆ ಎರಡು ಸ್ಪೀಕರು ಎಂತಕ್ಕೆ?”

ಅವರು ಜೋಡಿಯ ಕಡೆ ನೋಡಿದರು. ಕಾರ್ಪೆಟ್ಟಿನ ಗುರುತು ನೋಡಿದರು. ಮನೆಯ ಕಾನೂನು ಬರುತ್ತದೆಂದು ನಾನು ಮರುಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ, ಅದು ವ್ಯರ್ಥವಾಯಿತು.

“ಎಡದ್ದು ಇಲ್ಲಿ, ಬಲದ್ದು ಒಳಗೆ” ಎಂದು ತಮಗೇ ಹೇಳಿಕೊಂಡರು. “ಒಂದು ಬದಿಗೆ ಒಂದೇ, ಮೊದಲು ಇದ್ದ ಹಾಗೇ. ರಿಸೀವರಿಗೆ ಗೊತ್ತೇ ಆಗ್ಲಿಕ್ಕಿಲ್ಲ. ಯಲ್ಲಾ, ಏಳು ವಕೀಲಮ್ಮ, ವಯರ್ ಹಿಡಿ.”

ದಪ್ಪ ವಯರು ಅಷ್ಟು ಉದ್ದ ಇರಲಿಲ್ಲ. ಸಾದಾ ವಯರನ್ನೇ ಕಾರಿಡಾರಿನ ಕಾರ್ಪೆಟ್ಟಿನ ಅಡಿ ಎಳೆದೆವು. ಬಲಗಡೆಯ ಸ್ಪೀಕರನ್ನು ಅವರೇ ಎರಡೂ ಕೈಯಲ್ಲಿ ತಬ್ಬಿ ಹೊತ್ತುಕೊಂಡು ಒಳಕೋಣೆಗೆ ನಡೆದರು. ಅಷ್ಟು ಜನ ಗಂಡಸರಿಗೆ ಒಂದೇ ಸಾಕಾಗುತ್ತದಾ ಎಂದು ಹಿಂದಿನಿಂದ ತಮ್ಮ ಗೊಣಗಿದ. ಕಾಕ ತಿರುಗದೆಯೇ ಹೇಳಿದರು: “ಬಾಯಿ ಮುಚ್ಚಿ ಕೂತರೆ ಸಾಕಾಗ್ತದೆ ಮಾರಾಯ.”

ಮರುದಿನ ಇಳಿಹೊತ್ತಿನ ಅಸರ್ ನಮಾಜಿನ ನಂತರ ನಾನು ಮದುಮಗಳ ಪಕ್ಕ, ಒಳಕೋಣೆಯಲ್ಲಿದ್ದೆ. ಮೊದಲು ಕೇಳಿದ್ದು ಗಂಡಸರ ಕೆಮ್ಮು, ಕಪ್ಪುಗಳ ಸದ್ದು. ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ಆಮೇಲೆ ನಿಕಾಹ್ ನಡೆಸುವ ಖತೀಬರ ದನಿ. ಅವರ ಪದ್ಧತಿಯಲ್ಲಿ ಮಗಳನ್ನು ಕೊಟ್ಟೆ ಎಂದು ಬಾಯಿಬಿಟ್ಟು ಹೇಳಬೇಕಾದವರು ತಂದೆಯೇ. ಕಾಕ ಮೈಕಿಗೆ ಕಿರುಚಲಿಲ್ಲ. ಹತ್ತಿರ ಕೂತವರ ಜೊತೆ ಮಾತಾಡುವಷ್ಟೇ ಮೆಲ್ಲಗೆ ಶುರು ಮಾಡಿದರು. ಮಗಳ ಹೆಸರು ಬಂದಲ್ಲಿ ದನಿ ನಡುಗಿತು, ನಿಂತಿತು, ಮತ್ತೆ ಹಿಡಿದುಕೊಂಡಿತು. ಹುಡುಗ ಒಪ್ಪಿಕೊಂಡ ಮಾತು ಸ್ಪಷ್ಟವಾಗಿ ಬಂತು. ಸೌಟುಗಳು ಆಗಲೇ ನಿಂತಿದ್ದವು. ಮದುಮಗಳು ಮೆಹಂದಿಯ ಕೈಯಿಂದ ನನ್ನ ಮಣಿಕಟ್ಟು ಹಿಡಿದಿದ್ದಳು. ಮಾಮಿ ಸ್ಪೀಕರಿನ ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು.

ಆ ಜೋಡಿ ಈಗ ಮಗಳ ಮನೆಯಲ್ಲಿದೆ, ಪಕ್ಕ ಪಕ್ಕದಲ್ಲೇ, ಅಳತೆ ತಪ್ಪದಂತೆ. ನಾನು ಈಗಲೂ ಡಿಬೇಟ್ ಪಂದ್ಯಗಳಿಗೆ ಹೋಗುತ್ತೇನೆ, ಕಿರಿಯರಿಗೆ ಹೇಳಿಕೊಡುತ್ತೇನೆ. ಎದುರಾಳಿ ಸರಿ ಎಂದು ಗೊತ್ತಾದ ಕ್ಷಣ ನನಗೆ ಆ ಬೆಡ್‌ಶೀಟಿನ ಮುಂದೆ ಕೂತು ಸೋಲೊಪ್ಪಿಕೊಂಡವರ ನೆನಪಾಗುತ್ತದೆ, “ನೀವು ಹೇಳಿದ್ದು ಸರಿ” ಎನ್ನಲು ನಾಲಿಗೆ ಹೊರಳುತ್ತದೆ. ಇದು ಅವರಿಂದ ಬಂದದ್ದು.

ಆ ದಿನ ಜನ ಊಟಕ್ಕೆ ಎದ್ದ ಮೇಲೆ ಕಾಕ ಒಳಕೋಣೆಯ ಬಾಗಿಲಿಗೆ ಬಂದರು. ಹೆಂಡತಿಯನ್ನು ಕೇಳಿದ್ದು ಒಂದೇ ಮಾತು: “ಕೇಳಿತಾ?”

“ಕೇಳಿತು” ಎಂದರು ಮಾಮಿ. “ನಿಮ್ಮ ಸ್ವರ ನಡುಗಿದ್ದೂ ಕೇಳಿತು.”

“ಅದು ಸ್ವರ ಅಲ್ಲ. ಸಾದಾ ವಯರಿನ ತೊಂದರೆ” ಎಂದು ಕಾಕ ನನ್ನ ಕಡೆ ನೋಡಿದರು. ಕಣ್ಣು ಇನ್ನೂ ಒದ್ದೆಯಾಗಿತ್ತು.

ಬೆಡ್‌ಶೀಟಿನ ದಿನದ ಪುರಾವೆ ನನ್ನ ಬಳಿ ಇತ್ತು, ಸಾಕ್ಷಿಗಳಾದ ತಾಯಿ ಮಗಳಿಬ್ಬರೂ ಅದೇ ಕೋಣೆಯಲ್ಲಿದ್ದರು. ನಾನು ಹೌದು ಕಾಕ, ದಪ್ಪದ್ದೇ ಹಾಕಬೇಕಿತ್ತು ಎಂದೆ.