ಒಂದೇ ಏಟಿಗೆ ಖಾಲಿ

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರಿಗೆ ಎಲ್ಲರೂ ಇಟ್ಟ ಹೆಸರು ಗುಡಿಸಪ್ಪ. ರೋಗಿಗಳ ಸರದಿಯ ಹಳೆಯ ಟೋಕನ್‌ಗಳ ಭಾರಕ್ಕೆ ಡೇಟಾಬೇಸ್ ತೆವಳತೊಡಗಿದರೆ ಸಾಕು, ಅವರ ಕೈ ತುರಿಸುತ್ತದೆ. ಟೇಬಲ್ ತೆರೆದು, ಸಾಲುಗಳನ್ನೆಲ್ಲ ಒಟ್ಟಿಗೆ ಆರಿಸಿ, ಡಿಲೀಟ್ ಒತ್ತಿ, "ಖಚಿತವೇ?" ಎಂದು ಕಂಪ್ಯೂಟರ್ ಕೇಳಿ ಮುಗಿಸುವ ಮೊದಲೇ ಹೌದೆಂದುಬಿಡುತ್ತಾರೆ. "ನೋಡಿ, ಹೆಂಗೆ ಹಗುರಾಯ್ತು! ಹಳೇದನ್ನೆಲ್ಲ ಹೊತ್ಕೊಂಡು ಓಡೋಕಾಗುತ್ತೇನ್ರೀ?" ಎಂಬ ಉಪದೇಶ ದೊಡ್ಡ ಡಾಕ್ಟರಿಗೂ ತಪ್ಪಿದ್ದಲ್ಲ. ಗುಡಿಸಪ್ಪನವರ ಫೋನ್ ಮಾತ್ರ ಜಾಗವಿಲ್ಲವೆಂದು ದಿನವಿಡೀ ಗೋಳಾಡುತ್ತದೆ. ಮೊನ್ನೆ ನರ್ಸಮ್ಮ ಕನಿಕರದಿಂದ ಅದನ್ನು ಎತ್ತಿಕೊಂಡು, ನಾಲ್ಕಾರು ಮೆಸೇಜ್ ಕೇಳಿಸಿಕೊಂಡು, "ಈ ವಾಯ್ಸ್ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಬರೀ ಕೆಮ್ಮು ಸಾರ್, ಅಳಿಸ್ಲಾ?" ಎಂದಳು. ಗುಡಿಸಪ್ಪ ಫೋನ್ ಕಸಿದುಕೊಂಡರು. "ಬೇಡಮ್ಮಾ, ಅದು ನಮ್ಮಪ್ಪ. ಮಾತು ಮುಗಿದ್ಮೇಲೆ ರೆಕಾರ್ಡಿಂಗ್ ನಿಲ್ಲಿಸೋದು ಅವ್ರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ."